ಹೆಬ್ಬೆರಳು ತಾಗದ ಮುದ್ದೆ

ಹೊಸ ನಿಂಬೆಹಣ್ಣು, ಹಸಿ ಮೆಣಸಿನಕಾಯಿ, ಒಂದು ಚೂರು ಇದ್ದಿಲು — ಗುರುವಿನ ಆಟೋ ಮುಂದೆ ತೂಗುತ್ತಿದೆ, ನಿನ್ನೆ ಇದ್ದದ್ದು ಒಣಗಿ ಸುಕ್ಕಾದದ್ದು, ದಾರವೂ ಹೊಸದು, ಇವತ್ತೇ ಕಟ್ಟಿದ್ದಾನೆ, ಇವತ್ತೇಕೆ, ಎಂದು ಹಿಂದಿನ ಸೀಟಿನಿಂದ ಸುಮ್ಮನೆ ನೋಡುತ್ತಿದ್ದ ಯಶೋಧರೆಗೆ ಥಟ್ಟನೆ ಹೊಳೆಯಿತು — ಅಮಾವಾಸ್ಯೆ. ಅಮಾವಾಸ್ಯೆ ಅಂದರೆ ಅತ್ತೆ ಉಂಡಿಲ್ಲ. ಉಂಡಿಲ್ಲ, ಸೂಜಿ ಮಾತ್ರ ಚುಚ್ಚಿಯಾಗಿದೆ, ಎಂಟೂವರೆಗೆ, ಇದೇ ಕೈ, ಹೊಟ್ಟೆಯ ಸಡಿಲ ಚರ್ಮ ಹಿಡಿದು ಇನ್ಸುಲಿನ್ ಇಳಿಸಿ, ಮುದ್ದೆ ಉಪ್ಸಾರು ಮುಂದಿಟ್ಟು, ಉಣ್ಣಿ ಅತ್ತೆ ಎಂದರೆ, ನೀ ಓಗು ಕನವ್ವ ಆಟೋ ಓಯ್ತದ, ನಾ ಉಂಡ್ಕತೀನಿ, ಎಂದು ಮರಿತಾಯಮ್ಮ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿದರು. ಮುದ್ದೆ ಕಂಡರೆ ಮೊದಲು ಹೆಬ್ಬೆರಳಲ್ಲಿ ನಡುವೆ ಗುಂಡಿ ಒತ್ತಿ ಸಾರಿಗೆ ಜಾಗ ಮಾಡುವ ಕೈ ಅದು, ಇವತ್ತು ಮುದ್ದೆ ನುಣ್ಣಗೆ ಹಾಗೇ ಇತ್ತು, ಕಣ್ಣು ನೋಡಿತ್ತು, ತಲೆಗೆ ಹತ್ತಲಿಲ್ಲ, ತಲೆ ಹತ್ತು ಗಂಟೆಯೊಳಗೆ ನರಸೀಪುರದ ಕಚೇರಿಯಲ್ಲಿ ಹಾಜರಿ ಯಂತ್ರಕ್ಕೆ ತನ್ನ ಹೆಬ್ಬೆರಳು ಒತ್ತುವ ಯೋಚನೆಯಲ್ಲಿತ್ತು, ಆ ಯಂತ್ರಕ್ಕೆ ಬೆಂಕಿ ಹಾಕ.

ಮನೆಗೆ ಕರೆ ಮಾಡಿದಳು, ಅತ್ತ ಫೋನು ಬಡಿದುಕೊಳ್ಳುತ್ತಿದೆ, ಎತ್ತುವವರಿಲ್ಲ, ಅತ್ತೆಗೆ ಫೋನಿರುವುದು ಅಕ್ಕಿ ಡಬ್ಬದ ಮೇಲಿಡುವುದಕ್ಕೆ, ಪಕ್ಕದ ಮನೆ ರಾಚಮ್ಮ ನಾಟಿಗೆ ಹೋಗಿದ್ದಾಳೆ, ಗಂಡ ಸಿದ್ಧಾರ್ಥ ನಂಜನಗೂಡಿನ ಫ್ಯಾಕ್ಟರಿಯಲ್ಲಿ, ಫೋನು ಲಾಕರಿನಲ್ಲಿ, ಸಿಕ್ಕರೂ ಏನೆಂದು ಹೇಳುವುದು. ಗೋಡೆಗೆ ಬುದ್ಧನ ಪಟ ಹಾಕಿದ ದಿನ ಸಿದ್ಧಾರ್ಥ ಹೇಳಿದ್ದ, ಸತ್ತೋರು ಉಣ್ಣಕ್ಕೆ ಬತ್ತಾರಾ ಅವ್ವ, ಇನ್ನ ಈ ಮನೇಲಿ ಎಡೆ ಗಿಡೆ ಬ್ಯಾಡ. ಅತ್ತೆ ತಲೆಯಾಡಿಸಿದ್ದರು. ತಲೆಯಾಡಿಸಿದವರು ಪ್ರತಿ ಅಮಾವಾಸ್ಯೆ ಹಿತ್ತಲಿಗೆ ಹೋಗಿ ಎಲೆ ಹಾಕಿ ಕೂರುತ್ತಾರೆ, ಸತ್ತ ಮಾವನಿಗೆ, ಕಾಗೆ ಮುಟ್ಟುವ ತನಕ ಗುಟುಕು ನೀರೂ ಇಳಿಸುವುದಿಲ್ಲ. ಯಶೋಧರೆಗೆ ಗೊತ್ತು, ಗೊತ್ತಿದ್ದೂ ಗೊತ್ತಿಲ್ಲದವಳು, ಆ ಒಂದು ದಿನ ಏನೋ ನೆಪ ತೆಗೆದು ಸೂಜಿ ತಡ ಮಾಡುತ್ತಾಳೆ, ಕಾಗೆ ಬಂದು ಹೋದ ಮೇಲೆಯೇ ಚುಚ್ಚುತ್ತಾಳೆ, ಎರಡು ವರ್ಷ ತಪ್ಪಿಲ್ಲ, ಇಬ್ಬರೂ ಬಾಯಿಬಿಟ್ಟು ಆಡಿಲ್ಲ, ಇವತ್ತು ಮರೆತಳು. ನರ್ಸಮ್ಮ ಬೆರಳೆತ್ತಿ ಹೇಳಿದ್ದಳು, ಸೂಜಿ ಆದ ಅರ್ಧ ಗಂಟೆಯೊಳಗೆ ಊಟ, ಇಲ್ದಿದ್ರೆ ಸಕ್ಕರೆ ಇಳ್ದು ಜ್ಞಾನ ತಪ್ತದೆ, ಜೀವಕ್ಕೇ ಬತ್ತದೆ. ಒಂಬತ್ತು ಇಪ್ಪತ್ತು. ಗುರು, ತಿರುಗ್ಸಪ್ಪ. ಏನಕ್ಕ, ಇನ್ನೇನು ಸ್ಟ್ಯಾಂಡ್ ಬಂತಲ್ಲ. ತಿರುಗ್ಸು ಅಂದ್ನಲ್ಲ, ಅತ್ತೆ ಉಂಡಿಲ್ಲ! ಪಕ್ಕದ ಹೆಂಗಸು ಕಣ್ಣರಳಿಸಿದಳು, ಅತ್ತೆ ಉಣ್ಣದಿದ್ದಕ್ಕೆ ಇಷ್ಟು ಕಿರುಚುವ ಸೊಸೆಯನ್ನು ಅವಳು ಕಂಡಿರಲಾರಳು. ಗುರು ಯಶೋಧರೆಯ ಮುಖ ನೋಡಿದ, ಆಟೋ ತಿರುಗಿಸಿದ. ತನ್ನೂರು ಸೋಸಲೆ ಇಷ್ಟು ದೂರ ಯಾವತ್ತಾಯಿತು, ಗದ್ದೆ, ಗದ್ದೆ, ಮುಗಿಯದ ಗದ್ದೆ, ಮುಚ್ಚಿದ ತಟ್ಟೆ, ಒಳಗೆ ನುಣ್ಣನೆಯ ಮುದ್ದೆ, ಗುಂಡಿಯಿಲ್ಲ.

ಬಾಗಿಲು ತೆರೆದಿದೆ, ತಟ್ಟೆ ಇಲ್ಲ, ಒಂದು ಕ್ಷಣ ಉಂಡರೇನೋ ಎಂಬ ಆಸೆ, ಹಿತ್ತಲು — ಅತ್ತೆ ಗೋಡೆಗೊರಗಿದ್ದಾರೆ, ರವಿಕೆ ಬೆವರಿಗೆ ಒದ್ದೆ, ಕಣ್ಣು ಎತ್ತಲೋ, ಮುಂದೆ ಬಾಳೆಲೆ, ಎಲೆಯ ಮೇಲೆ ಅದೇ ಮುದ್ದೆ, ಹಾಗೇ. ಸಕ್ಕರೆ ನೀರು ಕದಡಿ ತುಟಿಗಿಟ್ಟರೆ ಹಲ್ಲು ಬಿಗಿದು ಮುಖ ತಿರುಗಿಸುತ್ತಾರೆ, ಬ್ಯಾಡ, ಅವ್ರಿನ್ನೂ ಉಂಡಿಲ್ಲ ಕನವ್ವ. ನುಂಗಿ ಅತ್ತೆ, ನಿಮ್ಮ ದಮ್ಮಯ್ಯ. ಅವ್ರು ಬರ್ಲಿ. ಅತ್ತೆಯ ನಾಲಿಗೆ ತೊದಲುತ್ತಿದೆ, ಯಶೋಧರೆ ಮರ ನೋಡಿದಳು, ತಂತಿ ನೋಡಿದಳು, ದಿನಾ ಕಾವ್ ಕಾವ್ ಎಂದು ಪ್ರಾಣ ತಿನ್ನುವ ದರಿದ್ರ ಕಾಗೆ ಇವತ್ತು ಒಂದೂ ಇಲ್ಲ. ಸುಳ್ಳು ಹೇಳೆನೆಂದು ಭಾನುವಾರ ಭಾನುವಾರ ಪಂಚಶೀಲ ಒಪ್ಪಿಸುವ ಬಾಯಿ ತನ್ನದು, ಇರಲಿ, ಅತ್ತೆಯ ಕಣ್ಣು ಮುಚ್ಚಿಕೊಂಡಿತು, ಯಶೋಧರೆ ಮುದ್ದೆಯ ನೆತ್ತಿಗೆ ಹೆಬ್ಬೆರಳಿಟ್ಟು ಒತ್ತಿದಳು. ಅತ್ತೆ, ನೋಡಿ, ಕಾಗೆ ಮುಟ್ತು, ಮಾವ ಉಂಡ್ರು. ಕಣ್ಣು ಅರೆ ತೆರೆಯಿತು, ಎಲೆಯ ಕಡೆ ಹೋಯಿತು, ಗುಂಡಿ ನೋಡಿತು, ಅಲ್ಲಿಂದ ಮೆಲ್ಲನೆ ಸೊಸೆಯ ಹೆಬ್ಬೆರಳಿಗೆ ಬಂದು ಅದಕ್ಕೆ ಮೆತ್ತಿದ ರಾಗಿಯ ಮೇಲೆ ನಿಂತಿತು, ನಿಂತೇ ಇತ್ತು — ಆಮೇಲೆ ಮರಿತಾಯಮ್ಮ ಬಾಯಿ ತೆರೆದರು. ಒಂದು ಗುಟುಕು, ಗಂಟಲು ಅಲುಗಿತು, ಇನ್ನೊಂದು, ಲೋಟ ಹಿಡಿದ ಕೈಯಲ್ಲಿ ಹೆಬ್ಬೆರಳು, ಹೆಬ್ಬೆರಳ ಮೇಲೆ ರಾಗಿ, ಎಲೆಯ ಮೇಲೆ ಮುದ್ದೆ, ಮುದ್ದೆಯ ನಡುವೆ ಗುಂಡಿ.