ಕೆಲವು ಪ್ಲಗ್‌ಗಳಲ್ಲಿ ಮಾತ್ರ

ಹನ್ನೊಂದು ತಿಂಗಳ ಮೇಲೆ ನನ್ನ ಹೆಂಡತಿ ನನಗೊಂದು ಮೆಸೇಜ್ ಕಳಿಸಿದಳು. ಲ್ಯಾಪ್‌ಟಾಪ್ ಚಾರ್ಜರ್ ಮನೆಯ ಕೆಲವು ಪ್ಲಗ್‌ಗಳಲ್ಲಿ ಮಾತ್ರ ಕೆಲಸ ಮಾಡುತ್ತಿದೆ, ಬಿಡುವಾದಾಗ ಬಂದು ನೋಡಿ. ಇಷ್ಟೇ. ಅದನ್ನು ನಾನು ಎಷ್ಟು ಸಲ ಓದಿದೆನೆಂದು ಹೇಳಿದರೆ ನಗುತ್ತೀರಿ. ಏಣಿಯ ಮೇಲೆ ನಿಂತು ಓದಿದೆ, ಊಟದ ಡಬ್ಬಿ ಮುಂದಿಟ್ಟುಕೊಂಡು ಓದಿದೆ, ನನ್ನ ಅಂಗಡಿಯ ಷಟರ್ ಎಳೆಯುವಾಗ ಒಂದು ಕೈಯಲ್ಲಿ ಹಿಡಿದು ಓದಿದೆ. ಊರಲ್ಲಿ ವೈರಿಂಗ್ ಕೆಲಸದವರಿಗೇನು ಬರವಿಲ್ಲ. ಕರೆದದ್ದು ನನ್ನನ್ನು.

ಇಪ್ಪತ್ತೆರಡು ವರ್ಷದಿಂದ ಬೇರೆಯವರ ಗೋಡೆ ಕೊರೆದು ತಂತಿ ಎಳೆದವನು ನಾನು. ನನ್ನ ಕೆಲಸಕ್ಕೆ ಯಾರೂ ಬೊಟ್ಟು ಮಾಡುವ ಹಾಗಿಲ್ಲ. ಹೇಳಿದ ಹೊತ್ತಿಗೆ ಹೋಗುತ್ತೇನೆ, ಹೇಳಿದ ದಿನಕ್ಕೆ ಮುಗಿಸುತ್ತೇನೆ. ಇದು ಗಿರಾಕಿಗಳ ಮಾತು. ನನ್ನ ಮನೆಯವಳನ್ನು ಕೇಳಿದರೆ ಬೇರೆಯೇ ಕಥೆ ಹೇಳುತ್ತಾಳೆ.

ಆ ಕಥೆಯನ್ನು ಮುಚ್ಚಿಟ್ಟು ಏನೂ ಪ್ರಯೋಜನವಿಲ್ಲ. ಅವಳ ತಂದೆ ಆಸ್ಪತ್ರೆಯಲ್ಲಿದ್ದರು. ಒಂದು ಮಧ್ಯಾಹ್ನ ಅವಳು ಫೋನ್ ಮಾಡಿ, ಅಪ್ಪ ನಿಮ್ಮನ್ನು ಕೇಳುತ್ತಿದ್ದಾರೆ, ಬೇಗ ಬನ್ನಿ ಎಂದಳು. ನಾನೊಬ್ಬ ಹಲ್ಲಿನ ಡಾಕ್ಟರ ಹೊಸ ಕ್ಲಿನಿಕ್ಕಿನಲ್ಲಿದ್ದೆ. ಮರುದಿನ ಅದು ಬಾಗಿಲು ತೆರೆಯಬೇಕಿತ್ತು. ಒಂದು ಗಂಟೆಯಲ್ಲಿ ಬಂದೆ ಎಂದೆ. ಮೂರು ತಾಸು ಕಳೆದ ಮೇಲೆ ನಾನು ಹೋದಾಗ ನರ್ಸು ಮಾವನ ಮಂಚಕ್ಕೆ ಹೊಸ ಹಾಸು ಹಾಸುತ್ತಿದ್ದಳು. ಅವರು ನನಗೆ ಏನು ಹೇಳಬೇಕೆಂದಿದ್ದರೋ ಯಾರಿಗೂ ಗೊತ್ತಿಲ್ಲ.

ಅದಾಗಿ ಒಂದು ವಾರಕ್ಕೆ ಹೆಂಡತಿ, "ನೀವು ಎಲ್ಲರ ಮನೆಗೂ ಹೊತ್ತಿಗೆ ಸರಿಯಾಗಿ ಹೋಗ್ತೀರಿ," ಎಂದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಸಮ ಮಾಡಿಕೊಳ್ಳುತ್ತಿದ್ದೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಹಾಗಾದರೆ ನಾನು ಇಲ್ಲಿರುವುದೇ ಬೇಡ ಎಂದು ಸಾಮಾನಿನ ಚೀಲ ಹೆಗಲಿಗೇರಿಸಿದೆ. ಅಮ್ಮನಾದರೂ ತಡೆಯುತ್ತಾಳೆ ಅಂದುಕೊಂಡಿದ್ದೆ. ಹೆತ್ತ ತಾಯಿ ಸೊಸೆಯ ಪಕ್ಕದಲ್ಲಿ ಕೂತುಕೊಂಡು, ಹೋಗುವಾಗ ಬಾಗಿಲು ಎಳೆದುಕೊಂಡು ಹೋಗು ಎಂದಳು. ಅವತ್ತಿನಿಂದ ಅಂಗಡಿಯ ಅಟ್ಟದಲ್ಲಿ, ತಂತಿಯ ಸುರುಳಿಗಳ ನಡುವೆ ನನ್ನ ವಾಸ.

ಯಾರಾದರೂ ಬಂದು ಕರೆಯುತ್ತಾರೆ ಎಂದು ಬಿಗುಮಾನದಲ್ಲಿ ಕಾದೆ. ಮೊದಲ ತಿಂಗಳು ಕೋಪ ಜೊತೆಗಿತ್ತು. ಆಮೇಲೆ ಅದೂ ಬಿಟ್ಟು ಹೋಯಿತು. ಡಾಕ್ಟರುಗಳು ಮಾತಾಡಿ ರೆಕಾರ್ಡ್ ಮಾಡಿ ಕಳಿಸುವುದನ್ನು ಹೆಂಡತಿ ಮನೆಯಲ್ಲೇ ಕೂತು, ಹೆಡ್‌ಫೋನ್ ಹಾಕಿಕೊಂಡು ಕೇಳಿ ರೋಗಿಗಳ ವರದಿ ಟೈಪ್ ಮಾಡುತ್ತಾಳೆ. ಹದಿನಾರು ವರ್ಷ ಆ ಟಕಟಕ ಸದ್ದಿಗೆ ಗೊಣಗಿದವನು ನಾನು. ಈಗ ಬ್ಯಾಂಕಿಗೆ ಹೋದರೆ ಗುಮಾಸ್ತೆಯ ಕೀಲಿಮಣೆ ಕೇಳಿಸುವ ಕಡೆ ಕುರ್ಚಿ ಹಿಡಿಯುತ್ತೇನೆ. ನನಗೆ ಅವಳು ಬೇಕಿತ್ತು. ಆ ಮೆಸೇಜ್ ಬಂದದ್ದೇ, ವಾಪಸ್ ಬರಲಾ ಎಂದು ಈ ಭಾನುವಾರ ಕೇಳಿಯೇ ಬಿಡಬೇಕು ಎಂದು ನಿರ್ಧಾರ ಮಾಡಿದೆ.

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹತ್ತು ಗಂಟೆಗೆ ನನ್ನದೇ ಮನೆಯ ಗಂಟೆ ಒತ್ತಿದೆ. ಬಾಗಿಲು ತೆಗೆದ ಅಮ್ಮ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, ಏಣಿ ಹತ್ತುವವನಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದಳು. ಆಮೇಲೆ, ಕೆಲಸಕ್ಕೆ ಬಂದವರಿಗೆ ಈ ಮನೆಯಲ್ಲಿ ಕಾಫಿ ಕೊಡುವ ಪದ್ಧತಿ ಇದೆ, ಹೆದರಬೇಡ ಎಂದು ತನ್ನ ಕುರ್ಚಿಗೆ ಹೋದಳು.

ಹೆಂಡತಿ ಅಡುಗೆಮನೆಯಿಂದ ಬಂದಳು. ಸ್ವಲ್ಪ ಇಳಿದುಹೋಗಿದ್ದಳು, ಕನ್ನಡಕ ಹೊಸದು. ಹೇಗಿದ್ದೀಯ ಎಂದು ಕೇಳುವಷ್ಟರಲ್ಲಿ ಕೈಗೊಂದು ಕಾಗದ ಕೊಟ್ಟಳು. ಮನೆಯ ಏಳೂ ಪ್ಲಗ್‌ಗಳನ್ನು ಪರೀಕ್ಷೆ ಮಾಡಿ, ರೋಗಿಗಳ ವರದಿ ಬರೆಯುವಷ್ಟೇ ಶಿಸ್ತಾಗಿ ಬರೆದಿದ್ದಳು. ಅಡುಗೆಮನೆಯ ಎರಡರಲ್ಲೂ, ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕದ್ದರಲ್ಲೂ ತೊಂದರೆಯಿಲ್ಲ. ಹಾಲಿನ ಎರಡು, ಮಲಗುವ ಕೋಣೆಯ ಎರಡು: ಚಾರ್ಜರಿನ ಹಸಿರು ದೀಪ ಹತ್ತುತ್ತದೆ, ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಕೂಡಲೇ ಮಿಣುಕಿ ಆರುತ್ತದೆ. ಅದೇ ಪ್ಲಗ್‌ಗಳಲ್ಲಿ ಫೋನು ಚಾರ್ಜ್ ಆಗುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿದ್ದರಿಂದ ಚಾರ್ಜರ್ ಇಲ್ಲದೆ ಅದು ಅಲುಗಾಡುವುದಿಲ್ಲ. ಹೀಗಾಗಿ ಎರಡು ವಾರದಿಂದ ಅವಳು ಒಲೆಯ ಪಕ್ಕ ಸ್ಟೂಲಿನ ಮೇಲೆ ಕೂತು ಕೆಲಸ ಮಾಡುತ್ತಿದ್ದಳು.

ಸಾಕೆಟ್ಟುಗಳಲ್ಲಿ ಟೆಸ್ಟರ್ ಇಟ್ಟು ನೋಡಿದೆ, ಎಲ್ಲ ಕಡೆಯೂ ಕರೆಂಟು ಇತ್ತು. ಚಾರ್ಜರಿನ ಪಿನ್ನುಗಳನ್ನು ಅಲುಗಿಸಿ ನೋಡಿದೆ, ಬಿಗಿಯಾಗಿಯೇ ಇದ್ದವು. ಆಗ ನನ್ನ ತಲೆಯಲ್ಲೊಂದು ಹುಳ ಹೊಕ್ಕಿತು. ಮದುವೆಯಾದ ಹೊಸತರಲ್ಲಿ ಸಾಕೆಟ್ ಬಿಚ್ಚುವುದನ್ನು ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ಮೇನ್ ಆಫ್ ಮಾಡಿ, ಎರಡು ಸ್ಕ್ರೂ ತೆಗೆದು, ಒಂದು ತಂತಿಯನ್ನು ಅರ್ಧ ಸುತ್ತು ಸಡಿಲ ಮಾಡಿದರೆ ಸಾಕು, ಥೇಟ್ ಇದೇ ರೋಗ ಬರುತ್ತದೆ. ನನ್ನನ್ನು ಕರೆಸಲು ಒಂದು ನೆಪ ಬೇಕಾಗಿ ಅವಳೇ ಹಾಗೆ ಮಾಡಿರಬಹುದಲ್ಲವೇ? ನಲವತ್ತೇಳು ವರ್ಷದ ಗಂಡಸು ನಾನು. ಆದರೂ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಅಂಗಿಯ ಕಾಲರ್ ಸರಿ ಮಾಡಿಕೊಂಡೆ.

ಮೇನ್ ಇಳಿಸಿ ಹಾಲಿನ ಬೋರ್ಡಿನ ಮುಂದೆ ಮಂಡಿಯೂರಿದೆ. ನಾಲ್ಕು ವರ್ಷದ ಹಿಂದೆ ಗೋಡೆಗೆ ಬಣ್ಣ ಬಳಿದವರು ಸ್ಕ್ರೂಗಳ ಮೇಲೂ ಬಳಿದು ಹೋಗಿದ್ದರು. ಆ ಬಣ್ಣ ಎಲ್ಲಿಯೂ ಒಡೆದಿರಲಿಲ್ಲ. ಕೋಣೆಯ ಬೋರ್ಡುಗಳದ್ದೂ ಅದೇ ಕಥೆ. ಯಾರೂ ಅವನ್ನು ಮುಟ್ಟಿರಲಿಲ್ಲ. ಅವಳು ಯಾವ ನೆಪವನ್ನೂ ಹುಡುಕಿರಲಿಲ್ಲ. ಚಾರ್ಜರ್ ಕೆಲಸ ಮಾಡುತ್ತಿರಲಿಲ್ಲ, ಅಷ್ಟೇ. ನಾನು ಅಲ್ಲೇ ನೆಲದ ಮೇಲೆ ಸ್ವಲ್ಪ ಹೊತ್ತು ಕೂತೆ. ಫ್ಯಾನ್ ನಿಂತಿದ್ದರಿಂದ ಅಮ್ಮ ಪೇಪರ್ ಮಡಿಸಿ ಗಾಳಿ ಬೀಸಿಕೊಳ್ಳುತ್ತಾ, ರಿಪೇರಿ ಮಾಡ್ತಿದ್ದೀಯೋ ನಿದ್ದೆ ಮಾಡ್ತಿದ್ದೀಯೋ ಎಂದಳು.

ಮೇನ್ ಹಾಕಿ, ಮೀಟರ್ ಹಿಡಿದು, ಪಕ್ಕದ ಪ್ಲಗ್‌ಗೆ ಇಸ್ತ್ರಿಪೆಟ್ಟಿಗೆ ಸಿಕ್ಕಿಸಿದೆ. ಅದು ಆನ್ ಆದ ಕೂಡಲೇ ವೋಲ್ಟೇಜ್ ಪಾತಾಳಕ್ಕೆ ಇಳಿಯಿತು. ಎಂದರೆ ಎಲ್ಲೋ ಒಂದು ಕಡೆ ನ್ಯೂಟ್ರಲ್ ತಂತಿಯ, ಅಂದರೆ ಕರೆಂಟು ವಾಪಸ್ ಹೋಗುವ ತಂತಿಯ, ಜೋಡಣೆ ಕೈಕೊಟ್ಟಿದೆ. ಫೋನಿನಂಥ ಸಣ್ಣ ಹೊರೆಯನ್ನು ತಡೆಯುತ್ತದೆ, ಲ್ಯಾಪ್‌ಟಾಪಿನ ಹೊರೆ ಬಿದ್ದರೆ ಕುಸಿಯುತ್ತದೆ. ಹಾಲಿಗೂ ಮಲಗುವ ಕೋಣೆಗೂ ಒಂದೇ ಲೈನು. ಅದು ಕೋಣೆಯ ಬಾಗಿಲ ಮೇಲೆ ತಂತಿಗಳು ಕೂಡುವ ಪೆಟ್ಟಿಗೆಯಿಂದ ಕವಲೊಡೆಯುತ್ತದೆ ಎಂದು ನನಗೆ ನೆನಪಿತ್ತು. ಎಳೆದವನು ನಾನೇ ಅಲ್ಲವೇ.

ಮತ್ತೆ ಮೇನ್ ಇಳಿಸಿ, ಏಣಿ ಹತ್ತಿ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಸುಟ್ಟ ವಾಸನೆ ಬಂತು. ಎರಡು ತಂತಿಗಳನ್ನು ಕೈಯಲ್ಲೇ ಹೊಸೆದು ಟೇಪ್ ಸುತ್ತಿತ್ತು. ಟೇಪು ಕರಗಿ ಅಂಟಾಗಿತ್ತು. ಪಕ್ಕದ ಮರದ ಚೌಕಟ್ಟು ಒಂದು ಅಂಗೈಯಷ್ಟು ಕಪ್ಪಾಗಿತ್ತು. ಬೇರೆಯವರ ಮನೆಯಲ್ಲಿ ಇಂಥ ಜೋಡಣೆ ನೋಡಿದರೆ ಮಾಡಿದವನ ವಂಶ ಜಾಲಾಡುತ್ತಿದ್ದೆ. ಇದನ್ನು ಮಾಡಿದವನು ನಾನು. ಈ ಮನೆಗೆ ಬಂದ ಸಂಜೆ ಅವಳು ರಟ್ಟಿನ ಡಬ್ಬಗಳ ಮೇಲೆ ಸುಸ್ತಾಗಿ ಕೂತಿದ್ದಳು. ಅವಳಿಗೆ ಬೇಗ ಬೆಳಕು, ಗಾಳಿ ಆಗಲಿ ಎಂದು ಕೈಗೆ ಸಿಕ್ಕಿದ್ದರಲ್ಲಿ ಸುತ್ತಿಬಿಟ್ಟಿದ್ದೆ. ನಾಳೆ ಕನೆಕ್ಟರ್ ತಂದು ಸರಿಯಾಗಿ ಹಾಕುತ್ತೇನೆ ಎಂದಿದ್ದೆ. ಮರುದಿನ ಯಾರದೋ ಮನೆಯ ಕೆಲಸವಿತ್ತು. ಅದರ ಮರುದಿನ ಇನ್ಯಾರದೋ ಮನೆಯದು. ಹದಿನಾರು ವರ್ಷವಾಯಿತು. ಆ ಕಪ್ಪಾದ ಮರದಿಂದ ಅವಳ ದಿಂಬಿಗೆ ನಾಲ್ಕು ಹೆಜ್ಜೆ ದೂರ.

ಕೆಳಗೆ ನಿಂತು ಅವಳು ಏನಾಗಿದೆ ಎಂದು ಕೇಳಿದಳು. ಇಲಿ ಕಡಿದಿದೆ ಎನ್ನಬಹುದಿತ್ತು. ಪೂರ್ತಿ ಲೈನು ಹಳೆಯದಾಗಿದೆ, ಮೂರ್ನಾಲ್ಕು ಭಾನುವಾರದ ಕೆಲಸ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೇ ಬಂದಿತ್ತು. ನಾಲ್ಕು ಭಾನುವಾರ, ನಾಲ್ಕು ಕಾಫಿ. ಆದರೆ ಆ ಸುಟ್ಟ ಮರವನ್ನು ನೋಡಿದ ಮೇಲೆ ಬಾಯಿ ಬರಲಿಲ್ಲ.

"ನಾನೇ ಮಾಡಿದ ಕೆಲಸ," ಎಂದೆ. "ಬಂದ ದಿನ ಟೇಪ್ ಸುತ್ತಿಬಿಟ್ಟಿದ್ದೆ. ನಾಳೆ ಸರಿ ಮಾಡ್ತೀನಿ ಅಂದಿದ್ದೆ. ಮಾಡ್ಲಿಲ್ಲ."

ನಾನು ಇಳಿದ ಮೇಲೆ ಅವಳೂ ಏಣಿಯ ಎರಡು ಮೆಟ್ಟಿಲು ಹತ್ತಿ ನೋಡಿದಳು. ಚೌಕಟ್ಟನ್ನು ಬೆರಳಿನಿಂದ ಮುಟ್ಟಿ, ಮಸಿಯನ್ನು ನೋಡಿಕೊಂಡಳು. ಇಳಿದು ಕೈ ತೊಳೆಯಲು ಹೋದಳು.

ಸುಟ್ಟಷ್ಟು ತಂತಿ ಕತ್ತರಿಸಿ ಹೊಸದು ಎಳೆದೆ. ಹಿತ್ತಾಳೆಯ ಕನೆಕ್ಟರ್ ಹಾಕಿ ಬಿಗಿ ಮಾಡಿದೆ. ಉಳಿದ ಪೆಟ್ಟಿಗೆಗಳನ್ನೂ ತೆರೆದು, ಅಂಥದೇ ಇನ್ನೂ ಮೂರು ಜೋಡಣೆಗಳನ್ನು ಕಿತ್ತು ಹೊಸದಾಗಿ ಮಾಡಿದೆ. ಮಧ್ಯಾಹ್ನ ಅಮ್ಮ ತಟ್ಟೆ ತಂದಿಟ್ಟಳು. ಏಣಿಯ ಮೇಲೇ ಕೂತು ತಿಂದೆ. ಮುಗಿದಾಗ ನಾಲ್ಕು ಗಂಟೆ.

ಅವಳು ತನ್ನ ಕಾಗದ ಹಿಡಿದು ಲ್ಯಾಪ್‌ಟಾಪನ್ನು ಒಂದೊಂದೇ ಪ್ಲಗ್‌ಗೆ ಸಿಕ್ಕಿಸಿ ನೋಡಿದಳು. ಹಾಲಿನ ಕಿಟಕಿಯ ಪಕ್ಕದ್ದು ಹತ್ತಿತು, ಗುರುತು ಹಾಕಿದಳು. ಸೋಫಾದ ಹಿಂದಿನದು ಹತ್ತಿತು, ಗುರುತು ಹಾಕಿದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ನಾನು ಮಾಡಿದ ಕೆಲಸ ಕೆಡಲಿ ಎಂದು ಬೇಡಿಕೊಂಡೆ. ಒಂದಾದರೂ ಮಿಣುಕಿ ಆರಬಾರದೇ? ಕೋಣೆಯ ಕೊನೆಯ ಪ್ಲಗ್‌ನಲ್ಲೂ ಹಸಿರು ದೀಪ ಕದಲದೆ ಉರಿಯಿತು.

ಕಾಗದ ಮಡಿಸುತ್ತಾ ಅವಳು ಕೇಳಿದಳು, "ಇವತ್ತು ಬೇರೆ ಕೆಲಸ ಇರ್ಲಿಲ್ವಾ?"

"ಮೂರು ಕಡೆ ಇತ್ತು. ಬರಲ್ಲ ಅಂತ ಹೇಳ್ದೆ."

ಅವಳು ಆ ಮಡಿಕೆಯನ್ನೇ ತೀಡಿದಳು. "ಅವತ್ತು ಒಂದು ಕಡೆ ಹಾಗೆ ಹೇಳಿದ್ರೆ ಸಾಕಿತ್ತು," ಎಂದಳು.

ಸಾಮಾನು ಚೀಲಕ್ಕೆ ತುಂಬಿಕೊಂಡೆ. ಅಮ್ಮ ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ಕೂತಿದ್ದಳು. ಅವಳಿಗೆ ಹಗಲು ನಿದ್ದೆಯ ಅಭ್ಯಾಸವೇ ಇಲ್ಲ. ಚಪ್ಪಲಿ ಮೆಟ್ಟಿ ಮಹಡಿಯ ಮೆಟ್ಟಿಲು ಇಳಿಯುತ್ತಾ, ಇವತ್ತು ಅವಳ ಮನಸ್ಸು ಸರಿಯಿಲ್ಲ, ಇನ್ನೊಮ್ಮೆ ಬಂದಾಗ ಕೇಳಿದರಾಯಿತು ಎಂದುಕೊಂಡೆ. ಹಾಗೆ ಅಂದುಕೊಂಡದ್ದು ನನ್ನ ಕಿವಿಗೇ ಕೇಳಿಸಿದಂತಾಯಿತು. ನಿಂತೆ. ತಿರುಗಿ ನೋಡಿದರೆ ಅವಳು ಇನ್ನೂ ಬಾಗಿಲಲ್ಲೇ ಇದ್ದಳು.

"ನಾನು ಮನೆಗೆ ವಾಪಸ್ ಬರಲಾ?" ಎಂದೆ.

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಮತ್ತೆ ಹಾಕಿಕೊಂಡಳು.

"ಬರೋ ಹದಿನೆಂಟಕ್ಕೆ ಅಪ್ಪ ಹೋಗಿ ಒಂದು ವರ್ಷ," ಎಂದಳು. "ಅವರನ್ನ ಮಣ್ಣು ಮಾಡಿದ ಜಾಗಕ್ಕೆ ನಾನೂ ಅತ್ತೇನೂ ಹೋಗ್ತೀವಿ. ಬೆಳಗ್ಗೆ ಎಂಟಕ್ಕೆ ಹೊರಡ್ತೀವಿ. ಕಾಯಲ್ಲ."

ಏಳೂವರೆಗೇ ಬಂದಿರುತ್ತೇನೆ ಎನ್ನಲು ಬಾಯಿ ತೆರೆದೆ. ಮಾತು ಕೊಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ. ಬಾಯಿ ಮುಚ್ಚಿ, ತಲೆಯಾಡಿಸಿ, ಮೆಟ್ಟಿಲು ಇಳಿದೆ.