ಹಲಗೆಯ ಅಡಿ

ಮಾವನನ್ನು ಇಳಿಸಿದ ಗುಂಡಿಗೆ ಹಿಡಿ ಮಣ್ಣು ಹಾಕಲು ಬಗ್ಗಿದ ಅಳಿಯನ ಜೇಬಿನಲ್ಲಿ ಫೋನು ಮತ್ತೆ ಗುರುಗುಟ್ಟಿತು. ಯಾರೆಂದು ನೋಡಬೇಕಾಗಿರಲಿಲ್ಲ. ಸೂಪರ್‌ವೈಸರ್ ಸ್ಮಶಾನದ ಗೇಟಿನಲ್ಲೇ ಕಾಯುತ್ತಿದ್ದ.

ಮಾವ ಲಿಫ್ಟ್ ಆಪರೇಟರ್. ಕೆಲಸಗಾರರನ್ನು ಬುಟ್ಟಿಯಲ್ಲಿ ನಿಲ್ಲಿಸಿ ಮೂರಂತಸ್ತಿನೆತ್ತರಕ್ಕೆ ಏರಿಸುವ ಯಂತ್ರ ಅವನದು. ರಸ್ತೆಯಾಚೆಯ ಹೊಸ ಗೋದಾಮಿನ ಪಕ್ಕ, ಪೈಪು ಹೂಳಿ ಮುಚ್ಚಿದ ಸಡಿಲ ನೆಲದ ಮೇಲೆ ಅದನ್ನು ನಿಲ್ಲಿಸಲಾರೆ ಎಂದು ಮೊನ್ನೆ ಕೀಲಿ ಕಿತ್ತುಕೊಂಡು ಮನೆಗೆ ಬಂದಿದ್ದ. ನಿನ್ನೆ ಚಹಾದ ಲೋಟ ಹಿಡಿದವನು ಗೋಡೆಗೊರಗಿದ, ಮತ್ತೆ ಏಳಲಿಲ್ಲ.

"ಈ ಹೊತ್ತಲ್ಲಿ ಕೇಳಬಾರದು, ಆದ್ರೂ ಕೇಳ್ತಿದೀನಿ," ಎಂದು ಗೇಟಿಗೆ ಬಂದ ಅಳಿಯನಿಗೆ ಹೇಳಿದ ಸೂಪರ್‌ವೈಸರ್. "ಸಂಜೆಯೊಳಗೆ ಚಾವಣಿ ಶೀಟು ಕೂರಬೇಕು. ಹಲಗೆ ಹಾಸಿದೀವಿ, ನೆಲ ಗಟ್ಟಿಯಾಗಿದೆ. ಇವತ್ತು ನೀನು ಲಿಫ್ಟ್ ಎತ್ತಿದ್ರೆ ಮಾವನ ಜಾಗ ನಿಂದೇ."

"ನಮ್ಮ ನೆಲದ ಡಾಕ್ಟರು," ಎಂದ ಮಾವನನ್ನು ನೆನೆದು ಜೊತೆ ಕೆಲಸದ ವೆಲ್ಡರ್, ಕಣ್ಣೊರೆಸಿಕೊಳ್ಳುತ್ತಲೇ. "ನಾಡಿ ನೋಡೋದ್ರಲ್ಲೇ ಅರ್ಧ ದಿನ ಕಳೀತಿದ್ದ. ಒಳ್ಳೇವನು, ಆದ್ರೆ ದೊಡ್ಡ ತಲೆನೋವು."

ಸತ್ತವರ ಮೇಲೆ ದೂರು ಹೇಳುವುದು ಸುಲಭ, ತಿರುಗಿ ಬಯ್ಯುವುದಿಲ್ಲ. ಎಲ್ಲರೂ ಸಣ್ಣಗೆ ನಕ್ಕರು. ಸತ್ತವನ ಮಗಳು, ಅಳಿಯನ ಹೆಂಡತಿ, ನಗಲಿಲ್ಲ.

*

ಅವಳು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಬುತ್ತಿ ಕೊಡಲು ಹೋಗಿದ್ದಳು. ಬುಟ್ಟಿಯಲ್ಲಿ ಅಪ್ಪ ಮತ್ತು ಒಬ್ಬ ಪೇಂಟರ್. ಕೆಳಗೆ ಒಂದು ಚಕ್ರ ಗೇಣಿನಷ್ಟು ಕುಸಿಯಿತು. ಮೇಲೆ ಬುಟ್ಟಿ ಆಳುದ್ದ ವಾಲಿತು. ವಾಲಿದರೆ ಕೂಗಬೇಕಾದ ಸೈರನ್ನಿನ ತಂತಿಯನ್ನು ಕಿರಿಕಿರಿಯೆಂದು ಯಾರೋ ಮೊದಲೇ ಕಿತ್ತಿದ್ದರು. ಅಪ್ಪ ಯಂತ್ರದ ತೋಳನ್ನು ಇಂಚಿಂಚಾಗಿ ಮಡಚಿ ಇಳಿಸಿದ. ಇಳಿದವನು ಬುತ್ತಿಯನ್ನು ಬದಿಗಿಟ್ಟು ಚಕ್ರದ ಕೆಳಗಿನ ಮಣ್ಣು ಮುಟ್ಟಿ ನೋಡಿದ.

"ನಾನು ಕೆಳಗೆ ನೋಡ್ಲಿಲ್ಲ ಮಗಾ," ಎಂದ. "ಬರೀ ಮೇಲೆ ನೋಡಿದೆ."

*

"ಹೋಗಬೇಡಿ," ಎಂದಳು ಗಂಡನಿಗೆ.

"ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಬೇಡ. ಮಾವ ಇರೋವರೆಗೂ ಹೆಲ್ಪರ್ ಆಗೇ ನಿಂತೆ. ಇನ್ನೂ ಎಷ್ಟು ದಿನ?"

"ನೆಲ ನೋಡಿದ್ರಾ?"

"ಹಲಗೆ ಹಾಕಿದಾರಲ್ಲ."

"ಅದರ ಕೆಳಗೆ?"

ಅವನು ರಸ್ತೆ ದಾಟಿದ. ಅವಳಿಗೆ ಹೆದರಿಕೆಯಾಯಿತು. ಒಂದೇ ವಾರದಲ್ಲಿ ಇಬ್ಬರನ್ನು ಮಣ್ಣು ಮಾಡುವ ಶಕ್ತಿ ತನಗಿಲ್ಲ ಎನ್ನಿಸಿ ಹಿಂದೆಯೇ ಓಡಿದಳು.

ಸೂಪರ್‌ವೈಸರ್ ಕೊಟ್ಟ ಇನ್ನೊಂದು ಕೀಲಿಯಿಂದ ಯಂತ್ರವನ್ನು ಹಲಗೆಗಳ ಮೇಲೆ ತಂದು ನಿಲ್ಲಿಸಿ ಅಳಿಯ ಸೇಫ್ಟಿ ಬೆಲ್ಟು ತರಲು ಇಳಿದ. ತಿರುಗಿ ನೋಡಿದರೆ ಬುಟ್ಟಿಯಲ್ಲಿ ಹೆಂಡತಿ ನಿಂತಿದ್ದಳು.

"ಇಳಿಯೇ. ಹುಚ್ಚು ಹಿಡಿದಿದ್ಯಾ?"

"ಕೆಳಗಿನ ಬಟನ್ನಿಂದಲೂ ಏರಿಸಬಹುದಂತೆ, ಅಪ್ಪ ಹೇಳ್ತಿದ್ರು. ಏರಿಸಿ."

"ಇದು ತಮಾಷೆಯಲ್ಲಮ್ಮ," ಎಂದ ಸೂಪರ್‌ವೈಸರ್.

"ನಾನೂ ತಮಾಷೆ ಮಾಡ್ತಿಲ್ಲ ಸಾರ್. ನೆಲ ಗಟ್ಟಿ ಅಂದ್ರಲ್ಲ, ಒತ್ತು ಅಂತ ನೀವೇ ಹೇಳಿ ಇವರಿಗೆ."

ಸೂಪರ್‌ವೈಸರ್ ಯಂತ್ರದಿಂದ ಎರಡು ಹೆಜ್ಜೆ ಹಿಂದೆ ಸರಿದ. ಅಳಿಯ ಬಟನ್ನಿನ ಮೇಲೆ ಬೆರಳಿಟ್ಟು ಹೆಂಡತಿಯನ್ನು ನೋಡಿದ. ಆಮೇಲೆ ಬೆರಳು ತೆಗೆದು, ಮಂಡಿಯೂರಿ, ಚಕ್ರದ ಪಕ್ಕದ ಹಲಗೆಯನ್ನು ಎರಡೂ ಕೈಯಿಂದ ಎತ್ತಿದ. ಅಡಿಯ ಮಣ್ಣಿನಿಂದ ನೀರು ಮೆಲ್ಲಗೆ ಜಿನುಗುತ್ತಿತ್ತು.