ಟವೆಲ್ ಕೆಳಗಿನ ರೇಟು

ನಮ್ಮ ಮಂಡಿಯಲ್ಲಿ ಬಾಳೆಗೊನೆಯ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಮಂಡಿ ಸಾಹುಕಾರ ಚಲುವರಾಜು ಹೆಗಲ ಮೇಲಿನ ಟವೆಲ್ ತೆಗೆದು ರೈತನ ಕೈ ಮೇಲೆ ಹೊದಿಸುತ್ತಾನೆ. ಅದರೊಳಗೆ ಬೆರಳು ಹಿಡಿಯುತ್ತಾನೆ. ನಾಲ್ಕು ಬೆರಳು ಹಿಡಿದರೆ ನಲವತ್ತು, ಬಿಟ್ಟು ಮತ್ತೆ ಎರಡು ಹಿಡಿದರೆ ನಲವತ್ತೆರಡು. ರೈತ ತಲೆಯಾಡಿಸಿದರೆ ವ್ಯಾಪಾರ ಮುಗಿಯಿತು. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗಬಾರದು. ಅಜ್ಜನ ಕಾಲದ ಪದ್ಧತಿಯಂತೆ! ಅದೆಂಥ ಸುಡುಗಾಡು ಪದ್ಧತಿಯೋ.

ಹೆಂಗಸರಿಗೆ ಆ ಟವೆಲ್ಲಿನೊಳಗೆ ಜಾಗವಿಲ್ಲ. ಮಳವಳ್ಳಿ ರಸ್ತೆಯ ನಮ್ಮ ಇಪ್ಪತ್ತು ಗುಂಟೆಯಲ್ಲಿ ಕಂದು ನೆಟ್ಟವಳು ನಾನು, ನೀರು ಕಟ್ಟಿದವಳು ನಾನು, ಬಾಗಿದ ಗಿಡಕ್ಕೆ ಕೋಲು ಕೊಟ್ಟವಳೂ ನಾನೇ. ಗಂಡ ರಾಜೇಂದ್ರನಿಗೆ ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಪಾಳಿ. ಹೋದ ಸಲ ಮೈದುನ ಶಿವರಾಮುವನ್ನು ಮಂಡಿಗೆ ಕಳಿಸಿದ್ದೆ. ಕಿಲೋಗೆ ಇಪ್ಪತ್ತಾರಕ್ಕೆ ಕೊಟ್ಟು ಬಂದ. ಆ ದಿನ ಮದ್ದೂರಿನ ಅಂಗಡಿಯಲ್ಲಿ ಅದೇ ಏಲಕ್ಕಿ ಬಾಳೆ ಎಂಬತ್ತು.

"ಯಾಕ್ಲಾ ಒಪ್ಕಂಡೆ?" ಅಂದೆ.

"ನಿಂಗೊಬ್ನಿಗೇ ಈ ರೇಟು, ಯಾರ್ಗೂ ಏಳ್ಬೇಡ ಅಂದ ಕಣತ್ಗೆ," ಅಂದ, ದೊಡ್ಡ ಉಪಕಾರವಾದವನ ಹಾಗೆ.

ಈ ಸಲ ನಾನೇ ಹೋದೆ. ನಲವತ್ತು ಗೊನೆಗಳನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಬೆಳಿಗ್ಗೆ ಏಳಕ್ಕೇ ಮಂಡಿಯಲ್ಲಿದ್ದೆ. ಚಲುವರಾಜು ನನ್ನ ಹಿಂದೆ ಮುಂದೆ ನೋಡಿದ.

"ಗಂಡಸ್ರು ಯಾರೂ ಬರ್ನಿಲ್ವೇನಮ್ಮ?"

"ಗೊನೆ ಬೆಳ್ದೋಳು ನಾನು. ರೇಟು ಏಳಿ."

"ಎಂಗಸ್ರ ಕೈ ಇಡ್ಕಂಡು ಯಾಪಾರ ಮಾಡಕ್ಕಾಯ್ತದಾ? ಒಸಿ ತಡಿ. ನಿನ್ ಮೈದುನ್ನ ಕರ್ಸು."

ಅಲ್ಲಿದ್ದವರೆಲ್ಲ ಹಲ್ಲು ಕಿರಿದರು. ನನಗೆ ಮೈಯೆಲ್ಲ ಉರಿಯಿತು. ಬಾಯಲ್ಲೇ ಹೇಳಿ ಅಂದರೆ, ಇಲ್ಲಿ ಹಾಗೆ ಇಲ್ಲ ಅಂದ. ನನ್ನ ಹಿಂದೆ ಬಂದವರ ಗೊನೆಗಳೆಲ್ಲ ಮಾರಾಟವಾದವು. ಹನ್ನೊಂದಾಯಿತು. ಬಿಸಿಲು ಆಟೋದೊಳಗೇ ಬಂತು, ಕಾಯಿಯ ಸಿಪ್ಪೆ ಕಪ್ಪಗಾಗತೊಡಗಿತು. ಕಡಿದ ಗೊನೆಯನ್ನು ವಾಪಸು ಗಿಡಕ್ಕೆ ಕಟ್ಟಲಾಗುತ್ತದೆಯೇ? ಇನ್ನೆರಡು ಗಂಟೆ ಕಳೆದರೆ ಅವನು ಎಸೆದಷ್ಟಕ್ಕೆ ಕೊಡಬೇಕು. ಅವನು ಕಾಯುತ್ತಿದ್ದದ್ದೂ ಅದಕ್ಕೇ, ಪಾಪಿ.

ಆಗ ನಮ್ಮೂರಿನ ಮಹದೇವಯ್ಯ ಟವೆಲ್ಲಿನಿಂದ ಕೈ ಈಚೆಗೆ ತೆಗೆದರು. ಒಂದೆಕರೆಯ ಮುದುಕ, ಯಾರ ತಂಟೆಗೂ ಹೋದವರಲ್ಲ. ಮುಖದಲ್ಲಿ ಶಿವರಾಮುವಿನದೇ ಖುಷಿ.

ನನಗೆ ತಲೆ ಕೆಟ್ಟಿತು. ಆಟೋ ಮೇಲೆ ಹತ್ತಿ ನಿಂತೆ.

"ನನ್ ಮೈದುನಂಗೆ ಓದ್ಸಲ ಇವ್ರು ಇಡ್ದಿದ್ದು ಇಪ್ಪತ್ತಾರು! ನಿಂಗೊಬ್ನಿಗೇ ಅಂದಿದ್ರಂತೆ. ನಿಮ್ಗೆಲ್ಲ ಎಷ್ಟು ಇಡುದ್ರು, ಬಾಯ್ ಬುಟ್ಟು ಏಳ್ರಪ್ಪ!"

ಚಲುವರಾಜು, "ಇಳಿಯಮ್ಮ ಕೆಳಕ್ಕೆ, ಮಾನ ಮರ್ವಾದೆ ಇಲ್ವಾ?" ಎಂದು ಕೂಗಿದ.

"ಇವತ್ತು ನಂಗೆ ಇಪ್ಪತ್ನಾಕು," ಎಂದರು ಮಹದೇವಯ್ಯ ಮೆಲ್ಲಗೆ. "ನಂಗೊಬ್ನಿಗೇ ಅಂತ."

"ನಂಗೆ ಇಪ್ಪತ್ಮೂರು!" ಅಂದ ಇನ್ನೊಬ್ಬ. "ನಂಗೂ ಅಂಗೇ ಅಂದ!"

ತಕ್ಕಡಿ ಪಕ್ಕದಲ್ಲಿ ನಿಂತಿದ್ದ, ಹತ್ತೆಕರೆಯ ಪುಟ್ಟಸ್ವಾಮಿ ತಲೆ ತಗ್ಗಿಸಿದರು. "ನಂಗೆ ನಲವತ್ತೆರಡು ಕಣ್ರಪ್ಪ," ಅಂದರು. ಒಂದೇ ಕಾಯಿ, ಒಂದೇ ದಿನ, ಒಂದೇ ತಕ್ಕಡಿ! ಇಷ್ಟು ವರ್ಷ ಒಬ್ಬೊಬ್ಬರೂ ತಮಗೊಬ್ಬರಿಗೇ ಒಳ್ಳೆಯದಾಯಿತೆಂದು ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿದ್ದರು. ಅವನ ಮೇಲಿದ್ದಷ್ಟೇ ಸಿಟ್ಟು ಇವರ ಮೇಲೂ ಬಂತು.

ಚಲುವರಾಜು ಬೆವರು ಒರೆಸಿಕೊಂಡು ಆಟೋ ಹತ್ತಿರ ಬಂದ. ದನಿ ತಗ್ಗಿಸಿ, "ಆಯ್ತು ಬಾರಕ್ಕ, ನಿಂಗೂ ನಲವತ್ತೆರಡು. ಗಲಾಟೆ ಬ್ಯಾಡ," ಎಂದು ಟವೆಲ್ ಬಿಚ್ಚಿ ಕೈ ನೀಡಿದ. ಬೆಳಿಗ್ಗೆ ಹಿಡಿಯಬಾರದಾಗಿದ್ದ ಹೆಂಗಸಿನ ಕೈ ಈಗ ಆಗುತ್ತದೆ!

ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಮನಸ್ಸು ಜಾರಿತು. ಗೊನೆಗಳು ಕಪ್ಪಾಗುತ್ತಿದ್ದವು. ಅಷ್ಟರಲ್ಲಿ ಮಹದೇವಯ್ಯ ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದದ್ದು ಕಣ್ಣಿಗೆ ಬಿತ್ತು.

ಟವೆಲ್ ಕಿತ್ತು ಅವನ ಹೆಗಲ ಮೇಲೆ ಎಸೆದೆ. "ಅದೇ ಮಾತ್ನ ಎಲ್ರಿಗೂ ಕೇಳಂಗೆ ಏಳಿ."

ಅವನು ಸುತ್ತ ನೋಡಿದ. ಯಾರೂ ಕದಲಲಿಲ್ಲ.

"ನಲವತ್ತೆರಡು," ಅಂದ.

ಮಹದೇವಯ್ಯ ತಕ್ಕಡಿಯ ಮೇಲಿದ್ದ ತಮ್ಮ ಗೊನೆಯನ್ನು ತಾವೇ ಎತ್ತಿ ಕೆಳಗಿಟ್ಟರು.

"ನಂದೂ ಮೊದ್ಲಿಂದ ಏಳಪ್ಪ," ಎಂದರು. "ಬಾಯಲ್ಲಿ."